ಫಾರಂನಲ್ಲಿ ನಾನು ಬರೆದ ಹೆಸರು

ತುಟಿಗಳ ನಡುವೆ ಮೂರ್ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಅವರು ರಾಗ ಹಾಕುತ್ತಿದ್ದರು. ಬಾಯಿ ಬಿಟ್ಟರೆ ಸೂಜಿ ಬೀಳುತ್ತದೆ; ಹಾಗಾಗಿ ಕವಿತೆಯ ಪುಸ್ತಕ ಹೊಲಿಗೆ ಮಷೀನಿನ ಮೇಲೆ ತೆರೆದಿರುತ್ತಿತ್ತು, ಗಂಟಲಿನಿಂದ ಬರೀ ಗುನುಗು. ಭದ್ರಾವತಿಯ ಹಳೇನಗರದಲ್ಲಿ ನಮ್ಮ ಮನೆಯೆದುರಿನ ಟೈಲರ್ ಅವರು. ನಮಗೆಲ್ಲ ಟೈಲರಣ್ಣ.

ರೇಡಿಯೋದಲ್ಲಿ ಭಾವಗೀತೆ ಬಂದರೆ ಮಷೀನು ನಿಲ್ಲುತ್ತಿತ್ತು. ಹಾಡಿದವರು ಯಾರೆಂದು ಅವರು ಕೇಳುತ್ತಿರಲಿಲ್ಲ. "ರಾಗ ಹಾಕಿದ್ದು ಯಾರು, ಹೇಳು ನೋಡೋಣ?" ಎನ್ನುವರು. ಯಾವ ಸಂಯೋಜಕರು ಪಲ್ಲವಿಯನ್ನು ಎಲ್ಲಿ ಇಳಿಸುತ್ತಾರೆ, ಕೊಳಲನ್ನು ಎಲ್ಲಿ ಬಿಡುತ್ತಾರೆ ಎಂಬುದು ಗಿರಾಕಿಗಳ ಅಳತೆಗಿಂತ ಚೆನ್ನಾಗಿ ನೆನಪಿತ್ತು.

"ಹಾಡಾಯ್ತು ಟೈಲರಣ್ಣ, ನನ್ನ ಬ್ಲೌಸ್ ಯಾವಾಗ?" ಎಂದು ಹೆಂಗಸರು ಚುಚ್ಚುತ್ತಿದ್ದರು.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ದಿನಾ ಬಸ್ಸಿನಲ್ಲಿ ನಿಂತು ಶಿವಮೊಗ್ಗಕ್ಕೆ ಹೋಗಿ ಓದಿದ್ದು. ಅಲ್ಲಿ ಭಾವಗೀತೆ ಸ್ಪರ್ಧೆಗೆ ಹೆಸರು ಕೊಟ್ಟಾಗ ಟೈಲರಣ್ಣ ತಮ್ಮದೇ ರಾಗವೊಂದನ್ನು ಕಲಿಸಿದರು. ಫಾರಂನಲ್ಲಿ 'ರಾಗ ಸಂಯೋಜನೆ' ಎಂಬ ಕಾಲಂ ಇತ್ತು. ಆಗ ಎಲ್ಲರ ಬಾಯಲ್ಲಿದ್ದ ದೊಡ್ಡ ಸಂಯೋಜಕರೊಬ್ಬರ ಹೆಸರು ಬರೆ ಎಂದರು.

"ನಿಮ್ಮದು ಅಲ್ವಾ ಅಣ್ಣಾ?"

"ಟೈಲರ್ ಅಂತ ನೋಡಿದ್ರೆ ಜಡ್ಜು ಕಿವಿ ಮುಚ್ಕೊಂಡು ಕೂರ್ತಾರೆ ಮಾರಾಯ್ತಿ. ನೀನು ಗೆಲ್ಬೇಕೋ ಬೇಡ್ವೋ?"

ಗೆಲ್ಲಬೇಕಿತ್ತು. ಬರೆದೆ.

ಮೊದಲ ಬಹುಮಾನ ಬಂತು. "ಸಂಯೋಜನೆ ಅಂದ್ರೆ ಹೀಗಿರ್ಬೇಕು, ದೊಡ್ಡವರು ದೊಡ್ಡವರೇ" ಎಂದರು ತೀರ್ಪುಗಾರರು. ಅದನ್ನು ಹೇಳಿದಾಗ ಟೈಲರಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು.

ಆ ಹಾಡು ಹಬ್ಬಿತು. ಈಗ ಶಿವಮೊಗ್ಗದ ವಿದ್ಯಾನಗರದ ಮಕ್ಕಳೂ ಹಾಡುತ್ತಾರೆ. ಯೂಟ್ಯೂಬಿನಲ್ಲೂ ಇದೆ, ಕೆಳಗೆ ಆ ದೊಡ್ಡವರ ಹೆಸರು. ಇದು ಭದ್ರಾವತಿಯ ಟೈಲರೊಬ್ಬರದು ಎಂದು ಕಾಮೆಂಟು ಹಾಕಿದೆ. "ಪ್ರೂಫ್ ಇದ್ಯಾ ಮೇಡಂ?" ಎಂದು ಕೆಳಗೇ ಯಾರೋ ಕೇಳಿದರು. ಸ್ಪರ್ಧೆ ನಡೆಸಿದವರ ಬಳಿ ಹೋದೆ. ಹಳೆಯ ಕಡತದಿಂದ ಆ ಫಾರಂ ತೆಗೆದು ನನ್ನ ಮುಂದಿಟ್ಟರು. ನನ್ನದೇ ಅಕ್ಷರ.

ಟೈಲರಣ್ಣನ ಮೇಲೆ ರೇಗಿದೆ. "ಹೋಗ್ಲಿ ಬಿಡೇ, ಹಾಡ್ತಾರಲ್ಲ" ಎಂದರು. ನನಗೆ ಆ ಮಾತು ಈಗಲೂ ಮೈ ಉರಿಸುತ್ತದೆ. ಉಳಿದ ರಾಗಗಳನ್ನಾದರೂ ಫೋನಿನಲ್ಲಿ ರೆಕಾರ್ಡ್ ಮಾಡೋಣ ಎಂದು ಕಾಡಿದೆ. "ದೀಪಾವಳಿ ಹೊಲಿಗೆ ಮುಗೀಲಿ" ಎಂದರು. ಹಬ್ಬಕ್ಕೆ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು. ಅಷ್ಟೊಂದು ರಾಗಗಳಲ್ಲಿ ನನಗೆ ಪೂರ್ತಿ ಬರುವುದು ನಾಲ್ಕೇ.

ಹದಿಮೂರನೆಯ ದಿನ ಅವರ ಹೆಂಡತಿಗೆ ಹೇಳಿದೆ: "ಅತ್ತಿಗೆ, ಅಣ್ಣನ ಹೆಸರು ಹಾಕಿ ಪತ್ರಿಕೆಗೆ ಬರೀತೀನಿ."

"ಬೇಡ ಕಣೇ. ದೊಡ್ಡೋರ ಹಾಡು ಕದ್ದ ಅಂತಾರೆ. ಸತ್ತೋರಿಗೆ ಯಾಕೆ ಆ ಮಾತು?"

"ನಾನಿದೀನಲ್ಲ ಸಾಕ್ಷಿ!"

"ನಿನ್ ಸಾಕ್ಷಿ ಆ ಫಾರಂನಲ್ಲೇ ಇದ್ಯಲ್ಲ."

ಹೆಸರು ಹಾಕುವುದಿಲ್ಲ ಎಂದು ಅತ್ತಿಗೆಗೆ ಮಾತು ಕೊಟ್ಟು ಎದ್ದು ಬಂದೆ. ಇಷ್ಟೆಲ್ಲ ಬರೆದ ಮೇಲೂ ಇಲ್ಲಿ ಅವರ ಹೆಸರಿಲ್ಲ.