ಸಾಸಿವೆ ಅಕ್ಷರಕ್ಕೆ ನಂದಿಬಟ್ಟಲ ನೀರು

ಚಂದ್ರಾವತಿಯ ಕಣ್ಣು ಮಂದವಾಗಿದೆಯೆಂದು ಮೊದಲು ಗೊತ್ತಾದದ್ದು ಅವಳ ಗಂಡನ ಹಲ್ಲಿಗೆ. ಅರವತ್ತೆಂಟನೆಯ ಇಸವಿ. ಆಗ ಕಲ್ಕತ್ತೆಯ ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕಿಂತ ಕಲ್ಲಿನೊಳಗಿಂದ ಅಕ್ಕಿ ಆರಿಸುವುದು ಸುಲಭ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಅಂಥ ಅಕ್ಕಿಯಿಂದಲೂ ಹತ್ತು ವರ್ಷ ಒಂದು ಕಲ್ಲನ್ನೂ ತಟ್ಟೆಗೆ ಬರಗೊಡದವಳು ಚಂದ್ರಾವತಿ. ಒಂದು ಬೆಳಿಗ್ಗೆ ಡಾಲ್‌ಹೌಸಿಯ ಬ್ಯಾಂಕಿಗೆ ಹೊರಡುವ ಗಡಿಬಿಡಿಯಲ್ಲಿ ಉಣ್ಣುತ್ತಿದ್ದ ಜಯಕರ ಶೆಟ್ಟರು ಕಟಕ್ಕೆಂದು ಕಚ್ಚಿ ದವಡೆ ಹಿಡಿದುಕೊಂಡರು.

"ಇದ್ ಅಕ್ಕಿಯಾ, ಜಲ್ಲಿಯಾ?"

ಶೆಟ್ಟರದು ಒಳ್ಳೆಯ ಜೀವ. ಹಲ್ಲುನೋವು ಇಳಿದ ಮೇಲೆ ಹೆಂಡತಿಯನ್ನು ಕೂರಿಸಿ, ಸೂಜಿಗೆ ದಾರ ಪೋಣಿಸು ನೋಡುವ ಎಂದರು. ದಾರ ಸೂಜಿಯ ಸುತ್ತಮುತ್ತ ಎಲ್ಲ ಕಡೆ ಹೋಯಿತು, ಕಣ್ಣಿಗೊಂದು ಹೋಗಲಿಲ್ಲ. ನಲವತ್ತಕ್ಕೆ ಚಾಳೀಸು ಎಲ್ಲರಿಗೂ ಬರುವುದೇ, ಒಂದು ಕನ್ನಡಕ ಹಾಕಿಸಿದರೆ ಮುಗಿಯಿತು, ಶನಿವಾರ ಹೋಗಿ ಬರೋಣ ಎಂದು ಅವರು ಹೇಳಿದರು. ಚಂದ್ರಾವತಿ ಒಪ್ಪಲಿಲ್ಲ.

"ಅಮ್ಮ ಎಂತ ಹೇಳತ್ತ್ ಕಾಂಬ," ಎಂದಳು.

ಅವಳ ಅಮ್ಮ ಚನ್ನಮ್ಮ ಇದ್ದದ್ದು ಕುಂದಾಪುರದ ಪಕ್ಕದ ಕೋಟೇಶ್ವರದಲ್ಲಿ, ಮಗ ಬಾಲಕೃಷ್ಣನ ಸಂಸಾರದ ಜೊತೆ. ಹೌರಾದಲ್ಲಿ ಮದ್ರಾಸ್ ಮೇಲ್ ಹತ್ತಿದರೆ ಮದ್ರಾಸು, ಅಲ್ಲಿಂದ ಇನ್ನೊಂದು ರೈಲು ಮಂಗಳೂರಿಗೆ, ಆಮೇಲೆ ಬಸ್ಸು. ಇಷ್ಟೆಲ್ಲ ಹತ್ತಿ ಇಳಿದು ಅವಳು ಊರು ಮುಟ್ಟಿ ಎರಡು ವರ್ಷವಾಗಿತ್ತು. ಗಂಡನ ರಜೆ, ಮಗಳು ಆಶಾಲತಾಳ ಪರೀಕ್ಷೆ, ಏನಾದರೊಂದು ಅಡ್ಡ ಬರುತ್ತಲೇ ಇತ್ತು. ಊರು ಅಂದರೆ ಈಗ ಒಂದು ನೀಲಿ ಇನ್‌ಲ್ಯಾಂಡ್ ಕಾಗದ. ಅಮ್ಮ ಮೂರನೆಯ ಕ್ಲಾಸಿನವರೆಗೆ ಓದಿದವಳು. ಆದರೆ ಬರೆಯಲು ಕೂತರೆ ಕಾಗದದ ಒಂದು ಮೂಲೆಯನ್ನೂ ಬಿಡುವವಳಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ. ಪುಟ ಮುಗಿದರೆ ಅಂಚಿನಲ್ಲಿ, ಅಂಚು ಮುಗಿದರೆ ಅಂಟು ಹಚ್ಚುವ ಮಡಿಕೆಯ ಒಳಗೆ. ಸರಕಾರ ಇಷ್ಟು ಕಾಗದ ಕೊಟ್ಟಿರುವಾಗ ಖಾಲಿ ಬಿಟ್ಟು ಕಳಿಸುವುದು ಅನ್ಯಾಯ ಎಂಬುದು ಅವಳ ಲೆಕ್ಕ. ದನ ಕರು ಹಾಕಿದ್ದು, ಪಕ್ಕದ ಮನೆಯವರ ಜಗಳ, ಹೊಸ ಉಪ್ಪಿನಕಾಯಿಗೆ ಹುಳ ಬಿದ್ದದ್ದು, ಎಲ್ಲವೂ ಆ ಸಾಸಿವೆ ಕಾಳಿನಲ್ಲಿ ಕಲ್ಕತ್ತೆಗೆ ಬರಬೇಕು.

ಈಗ ಆ ಸಾಸಿವೆ ಅಕ್ಷರವೇ ಚಂದ್ರಾವತಿಗೆ ಕಾಣದಾಗಿತ್ತು. ಅವಳ ಭಯ ಅಕ್ಕಿಯ ಕಲ್ಲಿನದಲ್ಲ, ಸೂಜಿಯದೂ ಅಲ್ಲ. ಮಗಳು ಆಶಾ ಮನೆಯಲ್ಲಿ ಕನ್ನಡ ಮಾತಾಡುವಳು, ಓದಲು ಬರುವುದಿಲ್ಲ. ಉಳಿದವರು ಶೆಟ್ಟರು. ಶೆಟ್ಟರು ಕಾಗದ ಓದುವುದೆಂದರೆ ಬ್ಯಾಂಕಿನ ಸುತ್ತೋಲೆ ಓದಿದ ಹಾಗೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಅತ್ತೆಯ ಪತ್ರ. "ಎಲ್ಲ ಕ್ಷೇಮ. ದನ ಕರು ಹಾಕಿತ್. ಆಶೀರ್ವಾದ." ಮುಗಿಯಿತು, ಟ್ರಾಮಿಗೆ ಹೊತ್ತಾಯಿತು. ಎರಡು ತಿಂಗಳು ಕಾದು ಬಂದ ಅಮ್ಮ ಹೀಗೆ ಅರೆ ನಿಮಿಷದಲ್ಲಿ ಮುಗಿದುಹೋಗುತ್ತಿದ್ದಳು. ಅದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ.

ಅವಳು ಕಣ್ಣಿನ ಸಂಗತಿ ಬರೆದು ಹಾಕಿದಳು. ಅಮ್ಮನ ಉತ್ತರ ಬಂತು. ಅದೊಂದನ್ನು ಮಾತ್ರ ಶೆಟ್ಟರನ್ನು ಕೂರಿಸಿ ಬಿಡಿಸಿ ಓದಿಸಿದಳು. ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗುತ್ತದೆ, ಊರುಗೋಲು ಕೊಟ್ಟ ಕಾಲಿನ ಹಾಗೆ, ಮನೆಮದ್ದು ಮಾಡು. ನಂದಿಬಟ್ಟಲ ಹೂ ಐದು, ತಾಮ್ರದ ಚೊಂಬಿನ ನೀರಿನಲ್ಲಿ ಸಂಜೆ ಹಾಕಿಟ್ಟು ಬೆಳಿಗ್ಗೆ ಅದರಲ್ಲಿ ಕಣ್ಣು ತೊಳೆ. ಮಧ್ಯಾಹ್ನ ಮಲಗುವಾಗ ರೆಪ್ಪೆಯ ಮೇಲೆ ಒಂದೊಂದು ಹೂ ಇಟ್ಟುಕೋ. ಹೊನಗೊನ್ನೆ ಸೊಪ್ಪಿನ ಪಲ್ಯ ವಾರಕ್ಕೆರಡು ಸಲ. ಶನಿವಾರ ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ.

ನಂದಿಬಟ್ಟಲು ಹುಡುಕಿಕೊಂಡು ಅವಳು ಮಾರ್ಕೆಟ್ಟಿನ ಹೂವಿನವರನ್ನೆಲ್ಲ ಕೇಳಿ ಬಂದಳು. ಆ ಗಿಡ ಅವಳು ಬಾಡಿಗೆಗಿದ್ದ ಮನೆಯ ಅಂಗಳದಲ್ಲೇ, ನೀರಿನ ನಲ್ಲಿಯ ಪಕ್ಕದಲ್ಲಿ ಬಿಳಿಯಾಗಿ ಅರಳಿ ನಿಂತಿತ್ತು. ಹನ್ನೊಂದು ವರ್ಷದಿಂದ ದಿನವೂ ಅದರ ಬುಡದಲ್ಲೇ ಪಾತ್ರೆ ತೊಳೆದವಳಿಗೆ, ಮಹಡಿಯ ಮೇಲಿನ ಮನೆಯೊಡತಿ ಮಾಸಿಮಾ ದೇವರಿಗೆ ಕೊಯ್ಯುವ ಟಗರ್ ಹೂವೇ ಊರಿನ ನಂದಿಬಟ್ಟಲು ಎಂದು ಹೊಳೆದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಇದು ಅದಕ್ಕೂ ಮೀರಿತು. ಮಾಸಿಮಾ ಹೂ ಕೊಡಲು ಒಪ್ಪಿದರು. ಆದರೆ ಮೊದಲು ದೇವರ ಮನೆಯ ಠಾಕೂರನಿಗೆ, ಉಳಿದದ್ದು ನಿನ್ನ ಕಣ್ಣಿಗೆ ಎಂಬ ಷರತ್ತು ಹಾಕಿದರು. ಕಣ್ಣಿಗೆ ಒಳ್ಳೆಯದು ಮೌರಲಾ ಮೀನು, ಕಿರುಬೆರಳಿನಷ್ಟುದ್ದ ಇರುತ್ತದೆ, ತಲೆಸಮೇತ ತಿನ್ನಬೇಕು ಎಂದು ತಮ್ಮ ಕಡೆಯ ಮದ್ದನ್ನೂ ಸೇರಿಸಿದರು. ಚಂದ್ರಾವತಿ ಅದನ್ನೂ ಬಿಡಲಿಲ್ಲ. ಹೊನಗೊನ್ನೆ ಇಲ್ಲಿ ಶಾಂಚಿ ಶಾಕ್ ಎಂಬ ಹೆಸರಲ್ಲಿ ಮುದುಕಿಯರ ಬುಟ್ಟಿಯಲ್ಲಿ ಸಿಕ್ಕಿತು.

ನಿಜ ಹೇಳಬೇಕೆಂದರೆ, ಅವಳು ಮದ್ದಿಗಿಂತ ಹೆಚ್ಚಾಗಿ ಆ ಮದ್ದು ಹೇಳಿದವಳನ್ನು ನಂಬಿದ್ದಳು. ಮಧ್ಯಾಹ್ನ ಕಣ್ಣ ಮೇಲೆ ತಣ್ಣನೆಯ ಹೂ ಇಟ್ಟುಕೊಂಡು ಮಲಗಿದರೆ, ಹೊರಗೆ ಟ್ರಾಮಿನ ಗಂಟೆ ಕೇಳುತ್ತಿದ್ದರೂ ಅಮ್ಮನ ಕೈ ಹಣೆಯ ಮೇಲಿದ್ದ ಹಾಗೆ ಆಗುತ್ತಿತ್ತು. ನಲವತ್ತರ ಹೆಂಗಸಿಗೆ ಯಾರು ತಲೆಗೆ ಎಣ್ಣೆ ಹಚ್ಚಿಕೋ ಎನ್ನುತ್ತಾರೆ? ಕನ್ನಡಕ ಹಾಕಿಸಿಕೊಂಡರೆ ಆ ಮಾತು ಬರುವುದು ನಿಲ್ಲುತ್ತದೆ ಎಂಬ ಹೆದರಿಕೆ ಅವಳಿಗಿತ್ತು. ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಕ್ಕಿಲ್ಲ.

ಮದ್ದು ಹಿಡಿಯಿತು. ಒಂದೂವರೆ ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಅಂಚೆಯವನು ಕೊಟ್ಟ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎರಡು ಮೂರು ಸಾಲು ಬಿಡಿಬಿಡಿಯಾಗಿ ಕಂಡವು. ಮುಂದಿನದರಲ್ಲಿ ಅರ್ಧ ಪುಟ. ಅದರ ಮುಂದಿನದನ್ನು ಅವಳು ನಿಂತ ನಿಲುವಿನಲ್ಲಿ ಪೂರ್ತಿ ಓದಿದಳು, ಓದಿ ಅತ್ತಳು, ಮತ್ತೆ ಓದಿದಳು. "ಅಮ್ಮ, ನಿನ್ನ ನಂದಿಬಟ್ಟಲು ಗೆದ್ದಿತು. ಈಗ ನಿನ್ನ ಕಾಗದ ನಾನೇ ಓದುತ್ತೇನೆ," ಎಂದು ಅವತ್ತೇ ಬರೆದು ಹಾಕಿದಳು. ಸೂಜಿಗೆ ದಾರ ಆಗಲೂ ಹೋಗುತ್ತಿರಲಿಲ್ಲ, ಶೆಟ್ಟರ ಹಲ್ಲಿಗೆ ಆಗಲೂ ಕಲ್ಲು ಸಿಗುತ್ತಿತ್ತು. ಅದು ಸರಕಾರದ ತಪ್ಪು, ಈಚೆಗೆ ಕಲ್ಲು ಜಾಸ್ತಿ ಬೆರೆಸುತ್ತಾರೆ ಎಂದು ಅವಳ ವಾದ.

ಎಪ್ಪತ್ತೊಂದರಲ್ಲಿ ಗಡಿಯಾಚೆ ಪೂರ್ವ ಪಾಕಿಸ್ತಾನದಲ್ಲಿ ಗಲಭೆ ಎದ್ದು ಜನ ಸಾಗರವಾಗಿ ಬಂದ ವರ್ಷ ಕಲ್ಕತ್ತೆಗೆ ಕಲ್ಕತ್ತೆಯೇ ಕಣ್ಣು ಕೆಂಪಾಗಿ ಕೂತಿತು. ಆ ಕಣ್ಣುಬೇನೆಗೆ ಜನ, ಹಾಗೆ ಬಂದವರ ಘೋಷಣೆಯನ್ನೇ ಹಿಡಿದು, 'ಜಯ ಬಾಂಗ್ಲಾ' ಎಂದೇ ಹೆಸರಿಟ್ಟಿದ್ದರು. ಮಾಸಿಮಾ ಎರಡು ಕಣ್ಣೂ ಊದಿಸಿಕೊಂಡು ಕೆಳಗಿಳಿದು ಬಂದು, ತಮ್ಮದೇ ಗಿಡದ ಹೂವಿನ ನೀರನ್ನು ಚಂದ್ರಾವತಿಯ ಚೊಂಬಿನಿಂದ ಬೇಡಿ ಒಯ್ದರು. ಐದನೆಯ ದಿನಕ್ಕೆ ಕಣ್ಣು ತಿಳಿಯಾಯಿತು. ಏನೂ ಮಾಡದಿದ್ದರೂ ಐದನೆಯ ದಿನಕ್ಕೆ ತಿಳಿಯಾಗುವ ಬೇನೆ ಅದು ಎಂದು ಶೆಟ್ಟರು ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದೇ ಒಂದು ಕೊರಗು ಉಳಿದಿತ್ತು. ಅಮ್ಮನ ಕಾಗದ ಚಿಕ್ಕದಾಗುತ್ತಾ ಬಂತು. ದನದ ಸುದ್ದಿ ಇಲ್ಲ, ಜಗಳದ ಸುದ್ದಿ ಇಲ್ಲ. ಅಂಚು, ಮಡಿಕೆ ಎಲ್ಲ ಖಾಲಿ. ಕ್ಷೇಮ, ಕಣ್ಣು ಹೇಗಿದೆ, ಹೂ ಬಿಡಬೇಡ, ಆಶೀರ್ವಾದ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎರಡು ತಿಂಗಳು ಅಂಚೆಯವನ ದಾರಿ ಕಾದವಳಿಗೆ ಇಷ್ಟೇ. ಹತ್ತಿರ ಮೊಮ್ಮಕ್ಕಳಿದ್ದಾರೆ, ದೂರದ ಮಗಳ ಹಂಬಲ ಇಳಿದಿರಬೇಕು ಎಂದು ಅವಳು ಮನಸ್ಸಿನಲ್ಲೇ ಮುನಿಸಿಕೊಂಡಳು. ಕಡೆಗೆ ತಾನೂ ಚಿಕ್ಕದಾಗಿ ಬರೆಯತೊಡಗಿದಳು. ನಿನಗೆ ಬೇಡವಾದರೆ ನನಗೂ ಬೇಡ ಎಂಬಂತೆ.

ಎಪ್ಪತ್ತಮೂರರ ದುರ್ಗಾಪೂಜೆಯ ರಜೆ. ಅಮ್ಮ ಯಾವುದೋ ಹಳೆಯ ಕಾಗದದಲ್ಲಿ ಕಾಡಿಗೆ ಮಾಡುವ ಕ್ರಮ ಬರೆದಿದ್ದಳು: ಗರುಗದ ಸೊಪ್ಪಿನ ರಸದಲ್ಲಿ ಬಟ್ಟೆ ಅದ್ದಿ ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ತಾಮ್ರದ ತಟ್ಟೆ ಕವುಚುವುದು. ಎಷ್ಟು ಸಲ ಅದ್ದಬೇಕು ಎಂಬುದು ಮರೆತುಹೋಗಿತ್ತು. ಚಂದ್ರಾವತಿ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟ ಕಾಗದಗಳನ್ನೆಲ್ಲ ನೆಲಕ್ಕೆ ಸುರಿದು, ಅಂಚೆ ಮುದ್ರೆಯ ತಾರೀಕು ನೋಡಿ ಸಾಲಾಗಿ ಜೋಡಿಸಿಕೊಡು ಎಂದು ಆಶಾಳನ್ನು ಕರೆದಳು. ಹುಡುಗಿಗೆ ಆಗ ಹದಿನೇಳು. ಕನ್ನಡ ಬಾರದಿದ್ದರೂ ಅಂಕೆ ಬರುತ್ತದಲ್ಲ. ಅವಳು ಒಂದೊಂದನ್ನೇ ಬಿಡಿಸಿ ಬಾಗಿಲಿನಿಂದ ಗೋಡೆಯವರೆಗೆ ಹಾಸಿದಳು. ಹಾಸಿ ಮುಗಿಸಿ ಎದ್ದು ನಿಂತು ನೋಡಿದಳು.

"ಅಮ್ಮಾ, ಅಜ್ಜಿ ರೈಟಿಂಗ್ ಇಷ್ಟ್ ದೊಡ್ಡ ಯಾಕ್ ಆಯ್ತ್?"

ಓದಲು ಬಾರದವಳಿಗೆ ಕಂಡದ್ದು ಓದುವವಳಿಗೆ ಐದು ವರ್ಷ ಕಂಡಿರಲಿಲ್ಲ. ಬಾಗಿಲ ಬಳಿಯ ಕಾಗದದಲ್ಲಿ ಸಾಸಿವೆ. ಆಮೇಲೆ ಹೆಸರುಕಾಳು. ನಡುಮನೆಯಲ್ಲಿ ಕಡಲೆಕಾಳು. ಗೋಡೆಯ ಬದಿಯದರಲ್ಲಿ ಒಂದೊಂದು ಅಕ್ಷರವೂ ನೆಲ್ಲಿಕಾಯಿಯಷ್ಟಿತ್ತು. ಸಾಲು ಓರೆಯಾಗಿ ಇಳಿದು ಒಂದರ ಮೇಲೊಂದು ಹತ್ತಿತ್ತು. ಚಂದ್ರಾವತಿ ಬಾಗಿಲ ಬಳಿಯ ಕಾಗದವನ್ನು ಎತ್ತಿ ಕಿಟಕಿಗೆ ಹಿಡಿದಳು. ದೂರ ಹಿಡಿದಳು, ಹತ್ತಿರ ಹಿಡಿದಳು. ಒಂದು ಅಕ್ಷರವೂ ಕಾಣಲಿಲ್ಲ. ಅವಳ ಕಣ್ಣು ಗುಣವಾಗಿಯೇ ಇರಲಿಲ್ಲ. ಕುಂದಾಪುರದ ಕಡೆ ಇನ್ನೊಂದು ಜೊತೆ ಕಣ್ಣು ಆರುತ್ತಾ ಬಂದಿತ್ತು. ಇವಳು ಅದನ್ನೇ ತನ್ನ ಗೆಲುವು ಎಂದುಕೊಂಡು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಕಾಗದ ಚಿಕ್ಕದಾದದ್ದು ಪ್ರೀತಿ ಇಳಿದು ಅಲ್ಲ, ಅಷ್ಟು ದೊಡ್ಡ ಅಕ್ಷರಕ್ಕೆ ಆ ಕಾಗದದಲ್ಲಿ ಜಾಗ ಸಾಲದೆ. ಅವಳು ಕಾಗದಗಳ ನಡುವೆ ಕುಳಿತುಬಿಟ್ಟಳು.

ಪೂಜೆ ಮುಗಿದು ಕನ್ನಡಕದಂಗಡಿ ತೆರೆದ ದಿನವೇ ಅವಳು ಶೆಟ್ಟರ ಜೊತೆ ಹೋಗಿ ಕನ್ನಡಕ ಹಾಕಿಸಿಕೊಂಡಳು. ಮನೆಗೆ ಬಂದವಳೇ ಡಬ್ಬಿ ತೆಗೆದು ಹಳೆಯ ಕಾಗದಗಳನ್ನು ಮೊದಲಿನಿಂದ ಓದತೊಡಗಿದಳು. ಶೆಟ್ಟರು ಚಪ್ಪಲಿ ಹಿಡಿದುಕೊಂಡು ಹಾರಿಸಿದ್ದ ದನ, ಜಗಳ, ಉಪ್ಪಿನಕಾಯಿ ಎಲ್ಲವೂ ಒಂದೊಂದಾಗಿ ಸಿಕ್ಕಿದವು. ಅರವತ್ತೊಂಬತ್ತರ ಶ್ರಾವಣದ ಕಾಗದದ ಮಡಿಕೆಯ ಒಳಗೆ, ಅಂಟಿನ ಗೆರೆಗೆ ತಾಗಿ, ನಾಲ್ಕು ಸಾಲು ಇದ್ದವು.

"ಚಂದೂ, ನಿನಗೆ ಹೇಳಿದ ಮದ್ದನ್ನೆಲ್ಲ ನಾನೂ ಮಾಡುತ್ತಿದ್ದೇನೆ. ನನ್ನ ಕಣ್ಣು ಮಸುಕಾಗುತ್ತಿದೆ. ಪೂರ್ತಿ ಹೋಗುವ ಮೊದಲು ಒಮ್ಮೆ ಬಂದು ಹೋಗು, ನಿನ್ನ ಮುಖ ನೋಡಬೇಕು. ಇದನ್ನು ಅಳಿಯಂದಿರಿಗೆ ಹೇಳಬೇಡ, ಖರ್ಚಿನ ಚಿಂತೆ ಮಾಡುತ್ತಾರೆ."

ಅಮ್ಮ ಕೇಳಿದ್ದಳು. ಆ ಮಾತಿಗೆ ಇವಳಿಂದ ನಾಲ್ಕು ವರ್ಷ ಉತ್ತರ ಹೋಗಿರಲಿಲ್ಲ. ಉತ್ತರ ಹೋಗದಿದ್ದಕ್ಕೆ ಅಮ್ಮ ಮತ್ತೆ ಕೇಳಲಿಲ್ಲ, ಬೇಸರವನ್ನೂ ಬರೆಯಲಿಲ್ಲ. ಹೂ ಬಿಡಬೇಡ ಎಂದಷ್ಟೇ ಬರೆಯುತ್ತಿದ್ದಳು. ಚಂದ್ರಾವತಿ ಕಾಗದವನ್ನು ಗಂಡನ ಮುಂದೆ ಹಿಡಿದಳು. ಶೆಟ್ಟರು ನಿಧಾನವಾಗಿ ಓದಿದರು, ಇನ್ನೊಮ್ಮೆ ಓದಿದರು. ಅವತ್ತು ಟ್ರಾಮಿನ ನೆನಪು ಅವರಿಗಾಗಲಿಲ್ಲ. ಮಡಿಕೆಯ ಒಳಗೆ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ ಎಂದು ತಪ್ಪು ಮಾಡಿದವರ ದನಿಯಲ್ಲಿ ಹೇಳಿ, ಮರುದಿನ ರಜೆ ಹಾಕಿ ಟಿಕೆಟ್ಟಿಗೆ ಹೋದರು.

ಊರು ಮುಟ್ಟುವಾಗ ಹಗಲು ಹನ್ನೊಂದಾಗಿತ್ತು. ತಮ್ಮ ಬಾಲಕೃಷ್ಣ ಬಸ್ಸಿನ ಬಳಿಯೇ ಎಲ್ಲ ಹೇಳಿದ. ಡಾಕ್ಟರರು ನೋಡಿಯಾಗಿತ್ತು, ನರವೇ ಒಣಗಿದೆ, ಮೂರು ವರ್ಷ ಮೊದಲೇ ಕರೆತರಬೇಕಿತ್ತು ಎಂದಿದ್ದರು. ಕಾಗದ ಮಾತ್ರ ಬೇರೆಯವರ ಕೈಯಲ್ಲಿ ಬರೆಸಲು ಅಮ್ಮ ಒಪ್ಪಿರಲಿಲ್ಲ. ಸಾಲು ತಪ್ಪದಿರಲೆಂದು ಅಡ್ಡಕೋಲು ಇಟ್ಟುಕೊಂಡು, ಒಂದು ಕಾಗದಕ್ಕೆ ಎರಡು ಮೂರು ದಿನ ಕೂರುತ್ತಿದ್ದಳಂತೆ. ಅಕ್ಕನಿಗೆ ಹೇಳಿದರೆ ನನ್ನಾಣೆ ಎಂದಿದ್ದಳಂತೆ.

ಚನ್ನಮ್ಮ ಜಗಲಿಯ ಚಿಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ತಾಮ್ರದ ಚೊಂಬು, ಅದರಲ್ಲಿ ತೇಲುವ ಐದು ಬಿಳಿ ಹೂ. ಹೆಜ್ಜೆಯ ಸದ್ದಿಗೆ ಮುಖ ಎತ್ತಿದಳು. ಚಂದ್ರಾವತಿ ಎದುರು ಮಂಡಿಯೂರಿ ಕುಳಿತು ಅಮ್ಮನ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು. ಬೆರಳುಗಳು ಗಲ್ಲದಿಂದ ಮೇಲೇರಿ ಮೂಗಿನ ಬಳಿ ಗಕ್ಕನೆ ನಿಂತವು. ಗಾಜನ್ನೂ ಕಡ್ಡಿಯನ್ನೂ ತಡವಿದವು.

"ಇದೆಂತದೇ ಕಣ್ಣಿಗೆ? ನಂದಿಬಟ್ಲ್ ಬಿಟ್ಯಾ?"

"ಬಿಡ್ಲಿಲ್ಲೆ ಅಮ್ಮ. ನಿನ್ನ ಹಳೆ ಕಾಗ್ದ ಓದುಕ್ ಬೇಕಾಯ್ತ್."

ಅಮ್ಮ ಯಾವ ಕಾಗದ ಎಂದು ಕೇಳಲಿಲ್ಲ.

"ತೆಗಿ ಅದನ್ನ," ಎಂದಳು. "ನಿನ್ ಮುಖ ಕಾಣ್ಕ್."

ಚಂದ್ರಾವತಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಮ್ಮ ಎರಡೂ ಕೈಯಿಂದ ಅವಳ ಮುಖವನ್ನು ಹಿಡಿದು, ಹಣೆಗೆ ಹಣೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು, ಹುಬ್ಬು, ರೆಪ್ಪೆ, ಕೆನ್ನೆಯ ಮೇಲೆ ಬೆರಳಾಡಿಸುತ್ತಾ ನೋಡಿದಳು. ಅಷ್ಟು ಹತ್ತಿರದಲ್ಲಿ, ಕನ್ನಡಕವಿಲ್ಲದೆ, ಅಮ್ಮನ ಮುಖ ಚಂದ್ರಾವತಿಗೂ ಮಸುಕಾಗಿಯೇ ಕಂಡಿತು.