ಮೊಳೆಗೆ ನೇತುಹಾಕಿದ ಹಳೆಯ ರಿಂಗು

ಆರೋಗ್ಯ ಇಲಾಖೆಯ ವಾಹನ ದುರಸ್ತಿ ಕಾರ್ಯಾಗಾರದಲ್ಲಿ ಮೂವತ್ತೆಂಟು ವರ್ಷ ಸೇವೆ ಸಲ್ಲಿಸಿ, ಸಾವಿರಾರು ವಾಹನಗಳನ್ನೂ ನಮ್ಮಂಥ ಹತ್ತಾರು ಮಂದಿಯನ್ನೂ ದಾರಿಗೆ ಹಚ್ಚಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ಮೆಕ್ಯಾನಿಕ್ಕರನ್ನು ಬಲ್ಲವರೆಲ್ಲ ‘ಮೂಗಿನ ಮೇಷ್ಟ್ರು’ ಎಂದೇ ಕರೆಯುತ್ತಾರೆ. ಬಾನೆಟ್ ಎತ್ತುವ ಮೊದಲು ಮೂಸಬೇಕೆಂಬುದು ಅವರ ಶಾಸ್ತ್ರ. ಸಿಹಿ ವಾಸನೆ ಬಂದರೆ ರೇಡಿಯೇಟರಿನ ನೀರು, ಕಾಗದ ಸುಟ್ಟಂತೆ ಬಂದರೆ ಕ್ಲಚ್, ಬಾಣಲೆಯನ್ನು ಒಲೆಯ ಮೇಲೆ ಮರೆತಂತೆ ಬಂದರೆ ಆಯಿಲ್. ಈ ಮೂರು ಪಾಠಗಳ ಮೇಲೆ ನನ್ನ ಸಂಸಾರ ನಡೆದಿದೆ.

ಮೇಷ್ಟ್ರ ಈ ಬೀಳ್ಕೊಡುಗೆ ಸಂಪುಟದಲ್ಲಿ ಬರೆದಿರುವ ಇತರ ಹಿರಿಯರು, ‘ಆನೆಯೂ ಒಮ್ಮೊಮ್ಮೆ ಎಡವುತ್ತದೆ’ ಎನ್ನುತ್ತ ಅವರ ರಿಂಗಿನ ಪ್ರಸಂಗವನ್ನು ಪ್ರೀತಿಯಿಂದಲೇ ಪ್ರಸ್ತಾಪಿಸಿರಬಹುದು. ಆ ಪ್ರಸಂಗದ ಉಳಿದರ್ಧ ಮೇಷ್ಟ್ರನ್ನು ಬಿಟ್ಟರೆ ನನ್ನೊಬ್ಬಳಿಗೆ ಗೊತ್ತು. ಅದನ್ನು ಬರೆಯುವುದೆಂದು ನಿರ್ಧರಿಸಿಯೇ ಕೂತಿದ್ದೇನೆ.

ಇಪ್ಪತ್ತೊಂದು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದಾಗ ಕಾರ್ಯಾಗಾರದಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ಬಟ್ಟೆ ಬದಲಿಸಲೂ ಜಾಗವಿರಲಿಲ್ಲ. ಮೇಷ್ಟ್ರು ತಮ್ಮ ಸಲಕರಣೆಯ ಕೋಣೆಯನ್ನು ಅರ್ಧ ದಿನದಲ್ಲಿ ಖಾಲಿ ಮಾಡಿ, ಬೀಗದ ಕೈಯನ್ನು ನನಗೊಪ್ಪಿಸಿ, ಮಾರನೆಯ ದಿನದಿಂದ ತಮ್ಮ ಸ್ಪ್ಯಾನರುಗಳನ್ನು ಗೋಣಿಚೀಲದಲ್ಲಿ ಹೊತ್ತು ತರತೊಡಗಿದರು. ಯಾರಾದರೂ ನಕ್ಕರೆ ಆ ದಿನ ಅವರ ಪಾಲಿಗೆ ಗ್ರೀಸಿನ ಕೆಲಸ ಬೀಳುತ್ತಿತ್ತು.

ನನ್ನ ಪ್ರೊಬೇಷನ್ ಮುಗಿಯಲು ಹದಿನೇಳು ದಿನ ಉಳಿದಿತ್ತು. ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ. ಒಂದು ತಪ್ಪು ಕಂಡರೂ ಮನೆಗೆ ಕಳಿಸುವುದಾಗಿ ಅಧೀಕ್ಷಕರು ಮೊದಲೇ ಹೇಳಿದ್ದರು. ಆಗ ಬಂತು, ಊರೂರು ಸುತ್ತಿ ಮಕ್ಕಳಿಗೆ ಲಸಿಕೆ ಹಾಕುವ ನರ್ಸಮ್ಮನ ಕಾರು.

“ಹತ್ತು ಕಿಲೋಮೀಟರ್ ಓಡಿದ್ರೆ ಸಾಕು ಮೇಷ್ಟ್ರೇ, ಸೀದ ವಾಸನೆ. ಬಾನೆಟ್ ಸಂದಿಯಿಂದ ಹೊಗೆ ಬೇರೆ. ಲಸಿಕೆ ಪೆಟ್ಟಿಗೆ ಇಟ್ಕೊಂಡು ದೇವರನ್ನ ನೆನೀತಾ ಓಡಿಸ್ತಿದ್ದೀನಿ” ಎಂದರು ಆಕೆ.

ಮೇಷ್ಟ್ರು ಅಂದು ರಜೆಯಿಂದ ಮರಳಿದ್ದರಷ್ಟೆ. ಹಿಂದಿನ ದಿನವೇ ನಮ್ಮ ಫಿಟ್ಟರುಗಳು ಎಂಜಿನ್ನಿನ ಮೇಲುಮುಚ್ಚಳದ ಪ್ಯಾಕಿಂಗ್ ಬದಲಿಸಿ ಕೈ ತೊಳೆದುಕೊಂಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ವಾಸನೆ ಹೋಗಿರಲಿಲ್ಲ. ಕಾರನ್ನು ಗುಜರಿಗೆ ಹಾಕಿಬಿಡೋಣವೆಂದು ಅಧೀಕ್ಷಕರು ಹೊರಟಾಗ ಮೇಷ್ಟ್ರು, “ಎಣ್ಣೆ ಎಲ್ಲಿಂದಲೋ ಬಿಸಿ ಪೈಪಿನ ಮೇಲೆ ಬೀಳ್ತಿದೆ ಸರ್. ಅದು ಸಿಗೋವರೆಗೂ ನಾನು ಬಿಡಲ್ಲ” ಎಂದರು.

ಎಂಜಿನ್ನನ್ನು ತೊಳೆದು, ಗಾಳಿ ಹೊಡೆದು ಒಣಗಿಸಿ, ಅದು ತಣ್ಣಗಾದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಎಲ್ಲೆಡೆ ತೆಳ್ಳಗೆ ಉದುರಿಸಿದರು. “ಮದುವೆ ಗೊತ್ತಾಯ್ತಾ ಮೇಷ್ಟ್ರೇ, ಇಷ್ಟೊಂದು ಸಿಂಗಾರ?” ಎಂದ ಒಬ್ಬ ಫಿಟ್ಟರು. “ಹೆಣ್ಣಿಗೆ ಕೋಪ ಜಾಸ್ತಿ, ನೀನೇ ಕಟ್ಕೋ” ಎಂದು ಹೇಳಿ, ನರ್ಸಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹನ್ನೆರಡು ಕಿಲೋಮೀಟರ್ ಏರುದಾರಿಯಲ್ಲಿ ಕಾರು ಓಡಿಸಿ ತಂದರು. ಬಾನೆಟ್ ಎತ್ತಿದಾಗ ಬಿಳಿ ಪೌಡರಿನ ಮೇಲೆ ಒಂದು ಕಂದು ಗೆರೆ ಆಯಿಲ್ ಫಿಲ್ಟರಿನ ಬಾಯಿಂದ ಹೊರಟು ನೇರ ಹೊಗೆಪೈಪಿಗೆ ಇಳಿದಿತ್ತು.

ಹನ್ನೊಂದು ದಿನದ ಹಿಂದೆ ಆ ಫಿಲ್ಟರ್ ಬದಲಿಸಿದವಳು ನಾನೇ.

ಮೇಷ್ಟ್ರು ಅದನ್ನು ಬಿಚ್ಚಿದರು. ಒಂದು ಇರಬೇಕಾದಲ್ಲಿ ಎರಡು ರಬ್ಬರ್ ರಿಂಗುಗಳಿದ್ದವು. ಹಳೆಯ ಫಿಲ್ಟರಿನ ರಿಂಗು ಎಂಜಿನ್ನಿಗೇ ಅಂಟಿ ಉಳಿಯುವುದುಂಟು. ಬೆರಳಾಡಿಸಿ ನೋಡಿ ಕಿತ್ತುಹಾಕದೆ ಹೊಸತನ್ನು ಬಿಗಿದರೆ, ನಿಂತಾಗ ಸುಮ್ಮನಿದ್ದು ಓಡುವಾಗ ಎಣ್ಣೆ ಒಸರುತ್ತದೆ. ಅಂದು ಸಂಜೆ ನಾನು ಬಸ್ಸಿನ ಆತುರದಲ್ಲಿದ್ದೆ. “ಎಲ್ಲ ನೋಡಿದೀನಿ ಸರ್” ಎಂದಿದ್ದೆ. ನನ್ನ ಮಾತು ನಂಬಿ ಮೇಷ್ಟ್ರು ಕೆಲಸದ ಚೀಟಿಗೆ ಸಹಿ ಹಾಕಿದ್ದರು.

“ಯಾರು ಮಾಡಿದ್ದು ಇದು?” ಎಂದರು ಅಧೀಕ್ಷಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಆಗಲೇ ಕೈ ಒರೆಸಿಕೊಳ್ಳುತ್ತಿದ್ದೆ. ಮೇಷ್ಟ್ರು ನನ್ನನ್ನು ಒಮ್ಮೆ ನೋಡಿದರು.

“ಚೀಟೀಲಿ ಸಹಿ ನಂದಿದೆ ಸರ್. ತಪ್ಪು ನಂದು.”

ನಾನು ಬಾಯಿ ಬಿಡಲಿಲ್ಲ. ಎಚ್ಚರಿಕೆ ಅವರ ಸೇವಾ ಪುಸ್ತಕಕ್ಕೆ ಏರಿತು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಅವರಿಗಿಂತ ಕಿರಿಯರಿಗೆ ಹೋಯಿತು.

ಹೊಸ ಫಿಲ್ಟರನ್ನು ಮಾತ್ರ ನನ್ನ ಕೈಯಲ್ಲೇ ಹಾಕಿಸಿದರು. “ಬೆರಳಾಡಿಸು. ಏನಾದ್ರೂ ಸಿಕ್ತಾ?” “ಇಲ್ಲ ಸರ್.” “ಈಗ ಬಿಗಿ.” ಪೈಪನ್ನು ಉಜ್ಜಿ ಒರೆಸಿ, ಅದೇ ಏರುದಾರಿಯಲ್ಲಿ ಓಡಿಸಿದೆವು. ವಾಸನೆ ಇರಲಿಲ್ಲ. ಆ ಹಳೆಯ ರಿಂಗನ್ನು ಅವರು ಗೇಟಿನ ಬಳಿ ಮೊಳೆ ಹೊಡೆದು ನೇತುಹಾಕಿದರು. ಅಂದಿನಿಂದ ಫಿಲ್ಟರ್ ಬದಲಿಸಿದ ಯಾವ ವಾಹನವೂ, ಬಿಚ್ಚಿದ ಹಳೆಯ ರಿಂಗು ಆ ಮೊಳೆಗೆ ಬರದೆ ಗೇಟು ದಾಟಿಲ್ಲ. ಕೆಲಸಗಾರರು ಅದನ್ನು ‘ಮೇಷ್ಟ್ರ ತಪ್ಪಿನ ಮೊಳೆ’ ಎನ್ನುವಾಗಲೆಲ್ಲ ಅವರು ನಗುತ್ತಾರೆ, ನಾನು ತಲೆ ತಗ್ಗಿಸುತ್ತೇನೆ.

ಹೇಳಿಬಿಡುತ್ತೇನೆಂದು ಮಾರನೆಯ ದಿನ ಅವರ ಬಳಿ ಹೋಗಿದ್ದೆ. “ಪ್ರೊಬೇಷನ್ ಮುಗೀಲಮ್ಮ, ಆಮೇಲೆ ಮಾತಾಡು” ಎಂದರು. ಅದು ಮುಗಿದ ಮಾರನೆಯ ದಿನವೇ ಹೋದೆ. “ಕಿತ್ತು ತೆಗೆದ ರಿಂಗನ್ನ ಮತ್ತೆ ಯಾಕೆ ಹಾಕ್ತೀಯ?” ಎಂದು ಗದರಿ ಕಳಿಸಿದರು. ಆ ಗದರಿಕೆಯನ್ನು ನೆಪ ಮಾಡಿಕೊಂಡು ಇಪ್ಪತ್ತೊಂದು ವರ್ಷ ಸುಮ್ಮನಿದ್ದೆ. ಅದು ಹೇಡಿತನ.

ಮುಂದಿನ ತಿಂಗಳಿನಿಂದ ಅವರ ಕುರ್ಚಿಯಲ್ಲಿ ಕೂರಬೇಕಾದವಳು ನಾನೆಂದು ಆದೇಶವಾಗಿದೆ. ಆ ಎಚ್ಚರಿಕೆಯನ್ನು ಮೇಷ್ಟ್ರ ಪುಸ್ತಕದಿಂದ ತೆಗೆದು ನನ್ನದಕ್ಕೆ ಸೇರಿಸಬೇಕೆಂದು ಕೋರಿ, ಈ ಲೇಖನದ ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟಿದ್ದೇನೆ. ಆದೇಶ ಉಳಿಯುತ್ತದೋ ಇಲ್ಲವೋ ತಿಳಿಯದು.

ಮೇಷ್ಟ್ರೇ, ನೂರು ವರ್ಷ ಗಟ್ಟಿಯಾಗಿರಿ. ನಿಮ್ಮ ಮೂಗು ಹೀಗೇ ಚುರುಕಾಗಿರಲಿ. ಬಿಡುವಾದಾಗ ಬಂದು ನಮ್ಮ ಕೆಲಸವನ್ನು ಮೂಸಿ ನೋಡಿ ಬೈಯುತ್ತಿರಿ. ಇದನ್ನು ಓದಿ ನಿಮಗೆ ಸಿಟ್ಟು ಬರುತ್ತದೆಂದು ಬಲ್ಲೆ. ಬರಲಿ. ಈ ಸಲ ಸಹಿ ನನ್ನದು.