ಎಲಾಡಿಯೊನ ಗಂಟಲು

ಜಿಬ್ರಾಲ್ಟರಿನ ಬಂಡೆಕೋಟೆಯನ್ನು ಪ್ರವಾಸಿಗರಿಗೆ ತೋರಿಸುವ ಟ್ಯಾಕ್ಸಿಯವರು ನಾವು ಬೇಕಾದಷ್ಟು ಜನ ಇದ್ದೇವೆ, ಆದರೆ ಎಲಾಡಿಯೊ ಬಾಲೆಸ್ತ್ರಿನೊನಂಥ ಗಂಟಲು ಇನ್ನೊಬ್ಬರಿಗಿಲ್ಲ. ಅವನು ಗುಹೆಯೊಳಗೆ ಬಾಯಿ ತೆರೆದರೆ ಸೂರಿನಿಂದ ಇಳಿಬಿದ್ದ ಸುಣ್ಣಕಲ್ಲಿನ ಕೋಡುಗಳೇ ನಡುಗುತ್ತವೆ. ಕೆಳಗೆ ಬಂದರಿನಲ್ಲಿ ಮಾಲು ಇಳಿಸುವವರಿಗೂ ಅವನ ಚರಿತ್ರೆಯ ಪಾಠ ಬಾಯಿಗೆ ಬರುತ್ತದೆ. ಕೋತಿಗಳು ಹೊಂಚು ಹಾಕಿರುತ್ತವೆಂದು, ಕಾರಿನ ಗಾಜು ಏರಿಸದೆ ಅವನು ಯಾರಿಗೂ ಕಡಲೆಹಿಟ್ಟಿನ ತಿಂಡಿ ಕಾಲೆಂತೀತಾ ಕೊಡುವುದಿಲ್ಲ. ಹೆಣ್ಣುಕೋತಿಯೊಂದು ಯಾರದೋ ಕೈಚೀಲ ಎಳೆದರೆ, “ಥೂ, ನಾಚಿಕೆಗೆಟ್ಟೋಳೇ! ಮನೆಗೆ ಬಂದೋರ ಚೀಲಕ್ಕೆ ಕೈ ಹಾಕ್ತೀಯಾ? ನಿಮ್ಮಮ್ಮ ಹೀಗಿರ್ಲಿಲ್ಲ!” ಎಂದು ಗದರುತ್ತಾನೆ, ಅದು ಚೀಲ ಬಿಟ್ಟು ತಲೆ ತಗ್ಗಿಸುತ್ತದೆ. ಫಿರಂಗಿ ಇಡಲು ಬಂಡೆ ಕೊರೆದ ಹಳೆಯ ಸುರಂಗದಲ್ಲಂತೂ ಪ್ರವಾಸಿಗರು ಕಿವಿ ಮುಚ್ಚಿಕೊಂಡೇ ನಡೆಯುತ್ತಾರೆ. ಮೊನ್ನೆ ಒಬ್ಬ ಹೆಂಗಸು ತಡೆಯಲಾರದೆ, “ಯಾಕಪ್ಪಾ ಇಷ್ಟು ಕೂಗ್ತೀರಿ? ನಾವು ಇಲ್ಲೇ ಇದೀವಲ್ಲ!” ಎಂದಳು. ಎಲಾಡಿಯೊ ಫಿರಂಗಿಯ ಕಿಂಡಿಯಿಂದ ಕೆಳಗಿನ ಸ್ಪೇನ್ ಗಡಿಯನ್ನು ತೋರಿಸಿದ. “ನಾನು ಚಿಕ್ಕೋನಿದ್ದಾಗ ಸ್ಪೇನಿನೋರು ಆ ಗೇಟು ಮುಚ್ಚಿಬಿಟ್ರು ಕಣಮ್ಮ. ಅಜ್ಜಿ ಆಚೆ ಉಳಿದ್ಲು. ವರ್ಷಗಟ್ಟಲೆ, ಭಾನುವಾರ ಬಂತೆಂದ್ರೆ ನಾವು ಈ ಬೇಲಿ ಹಿಡ್ಕೊಂಡು, ಅವಳು ಆ ಬೇಲಿ ಹಿಡ್ಕೊಂಡು, ಆ ಗಾಳೀಲಿ ಕೂಗಿ ಕೂಗಿ ಮಾತಾಡ್ಬೇಕಿತ್ತು. ಊಟ ಆಯ್ತಾ ಅನ್ನೋದನ್ನೂ ಕೂಗೇ ಕೇಳ್ಬೇಕು. ಗೇಟು ತೆಗೆದ ದಿನ ಓಡಿಹೋಗಿ ಅವಳನ್ನ ತಬ್ಕೊಂಡು, ಅಷ್ಟೇ ಜೋರಾಗಿ ‘ಅಜ್ಜೀ’ ಅಂತ ಕೂಗ್ದೆ.” ಅವನ ದನಿ ಅಷ್ಟು ತಗ್ಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. “ಅಜ್ಜಿ ಕಿವಿ ಮುಚ್ಕೊಂಡು, ‘ಮೆಲ್ಲಗೆ ಮಗನೇ, ಇಲ್ಲೇ ಇದೀನಲ್ಲ’ ಅಂದ್ಲು.”